ಪಿಎಚ್‌ಡಿ, ಹೈಸ್ಕೂಲು, ಎರಡು ಮಕ್ಕಳು ಮತ್ತು ಅವರೆಕಾಯಿ ಸೀಸನ್ನು

"ಎಲ್ಲಾ ಹೇಗೆ ಮ್ಯಾನೇಜ್ ಮಾಡ್ತೀರಾ ಮೇಡಂ?" ಅಂತ ಕೇಳದೇ ಇರುವವರು ಕಡಿಮೆ. ನಾನು ಹಾಸನದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮಗಳು ಒಂದನೇ ಕ್ಲಾಸು, ಮಗ ಅಂಗನವಾಡಿ. ಇದರ ಮಧ್ಯೆ ಮೈಸೂರಿನಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿದ್ದೇನೆ, ವಿಷಯ ನಮ್ಮ ಜಿಲ್ಲೆಯ ವೀರಗಲ್ಲು, ಮಾಸ್ತಿಕಲ್ಲುಗಳು, ಅಂದ್ರೆ ಹೋರಾಡಿ ಸತ್ತವರ, ಸತಿ ಹೋದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ನಿಜ ಹೇಳಬೇಕು ಅಂದ್ರೆ ಮ್ಯಾನೇಜ್ ಏನೂ ಮಾಡಲ್ಲ. ಯಾವ ಕೆಲಸ ಚೂರುಪಾರು ಹೊತ್ತಿನಲ್ಲಿ ಆಗುತ್ತದೆ, ಯಾವುದು ಆಗಲ್ಲ ಅಂತ ಬೇರೆ ಬೇರೆ ಮಾಡಿ ಇಟ್ಟುಕೊಂಡಿದ್ದೇನೆ, ಅಷ್ಟೇ.

ಶಾಸನ ಓದುವುದು ಚೂರುಪಾರು ಹೊತ್ತಿನ ಕೆಲಸ. ಬಿ.ಎಲ್. ರೈಸ್ 1902ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 5ನೇ ಸಂಪುಟ ಹಾಸನ ಜಿಲ್ಲೆಯದ್ದು. ಶ್ರವಣಬೆಳಗೊಳಕ್ಕೇ ಬೇರೆ ಸಂಪುಟ ಇದೆ, ಅಲ್ಲಿ ಅಷ್ಟು ಶಾಸನ. ವೀರಗಲ್ಲಿನ ಬರಹ ಎಷ್ಟೋ ಸಲ ಕೆಲವೇ ಸಾಲು. ಯಾವ ರಾಜನ ಕಾಲ, ಯಾವ ಊರು, ಯಾರು ಸತ್ತರು, ಯಾಕೆ ಸತ್ತರು, ಕಲ್ಲು ನಿಲ್ಲಿಸಿದ್ದು ಯಾರು. ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವರ ಕಲ್ಲುಗಳೂ ಬೇಕಾದಷ್ಟಿವೆ. ಒಂದು ಕಲ್ಲು ಓದಿ, ನಾಲ್ಕು ಸಾಲು ಟಿಪ್ಪಣಿ ಬರೆದು ಮುಚ್ಚಿಟ್ಟರೆ ನಾಳೆ ಇನ್ನೊಂದು. ಹಿಂದಿನ ದಿನದ್ದು ಏನೂ ನೆನಪಿರಬೇಕಾಗಿಲ್ಲ.

ಚಳಿಗಾಲದಲ್ಲಿ ನಮ್ಮ ಕಡೆ ಅವರೆಕಾಯಿ ಬಂತು ಅಂದ್ರೆ ನನಗೆ ಓದುವ ಕಾಲ ಬಂತು ಅಂತಲೇ ಲೆಕ್ಕ. ನೆನೆಸಿದ ಕಾಳು ಹಿತುಕುವಾಗ ಕೈಗೆ ಕೆಲಸ, ಕಣ್ಣಿಗೆ ಬಿಡುವು. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಕಲ್ಲಿನ ಫೋಟೋ ತೆಗೆದಿಟ್ಟುಕೊಂಡು ಕೂರುತ್ತೇನೆ. ಕೈ ಒದ್ದೆ ಇರೋದ್ರಿಂದ ಫೋಟೋ ದೊಡ್ಡದು ಮಾಡೋಕೆ ಮಗಳೇ ಬರಬೇಕು. ಅವಳು ಎರಡು ಬೆರಳಿಟ್ಟು ಎಳೆದು, ಸುಮ್ನೆ ಹೋಗದೆ, ಅಲ್ಲೇ ಕೂತು ತನಗೆ ಗೊತ್ತಿರುವ ಅಕ್ಷರ ಹುಡುಕುತ್ತಾಳೆ. ಹೊಯ್ಸಳರ ಕಾಲದ ಅಕ್ಷರಕ್ಕೂ ಈಗಿನದಕ್ಕೂ ಎಷ್ಟೋ ಕಡೆ ಹೋಲಿಕೆ ಇದೆ, ಒಂದೆರಡು ಅವಳಿಗೂ ಸಿಕ್ಕಿಬಿಡುತ್ತವೆ. ಅಷ್ಟರಲ್ಲಿ ಅತ್ತೆ ಬಂದು "ಕಲ್ಲು ನೋಡ್ಕೊಂಡು ಸಿಪ್ಪೇನೂ ಕಾಳಿಗೇ ಹಾಕ್ತಿದ್ದೀಯಲ್ಲೇ" ಅಂತಾರೆ.

ಸ್ಕೂಲು ಮತ್ತು ಪಿಎಚ್‌ಡಿ ಒಂದಕ್ಕೊಂದು ಅಡ್ಡ ಬರುತ್ತವೆ ಅಂತ ಎಲ್ಲರೂ ಹೆದರಿಸಿದ್ದರು. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಅಂತ ಪಾಠ ಮಾಡಿದರೆ ಸಾಕು, ಹಿಂದಿನ ಬೆಂಚಿಂದ "ಮಿಸ್, ನಮ್ಮ ಹೊಲದ ಬದುವಲ್ಲೂ ಒಂದು ಕಲ್ಲೈತೆ" ಅಂತ ದನಿ ಬರುತ್ತದೆ. ಹೋಗಿ ನೋಡಿದರೆ ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಅಂಥ ಕಲ್ಲಿಗೆ ಯಾವ ಲೈಬ್ರರಿ ಕಾರ್ಡೂ ಬೇಡ.

ಬರೆಯುವುದು ಮಾತ್ರ ಚೂರುಪಾರು ಹೊತ್ತಿನಲ್ಲಿ ಆಗಲ್ಲ. ಅಧ್ಯಾಯ ತೆಗೆದು, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಮತ್ತೆ ಓದಿ, ಮುಂದಿನ ಮಾತು ಹೊಳೆಯುವ ಹೊತ್ತಿಗೆ ಮಗ ಎದ್ದಿರುತ್ತಾನೆ. ಮಕ್ಕಳು ಮಲಗಿದ ಮೇಲೆ ಬರೀರಿ ಅಂತ ಸಲಹೆ ಕೊಡುವವರು ಒಂದು ಸಲ ಮಕ್ಕಳನ್ನು ಮಲಗಿಸಿ ನೋಡಲಿ, ಮೊದಲು ನಿದ್ದೆ ಹೋಗೋದು ಯಾರು ಅಂತ ಗೊತ್ತಾಗುತ್ತೆ. ಅದಕ್ಕೇ ಭಾನುವಾರ ಬೆಳಗ್ಗೆ ನಮ್ಮನೆಯವರು ಇಬ್ಬರನ್ನೂ ಮಹಾರಾಜ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ, ಊಟದ ಹೊತ್ತಿನ ತನಕ ಆ ಕಡೆಯಿಂದ ಫೋನ್ ಬರುವಂತಿಲ್ಲ. ಇನ್ನೊಂದು ನನ್ನ ಆಫೀಸು ಮೈಸೂರು ರೈಲು. ಗೈಡ್ ನೋಡೋಕೆ ಹೋಗುವಾಗ ಬಸ್ಸು ಬಿಟ್ಟು ರೈಲನ್ನೇ ಹಿಡಿಯುತ್ತೇನೆ. ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೈಸೂರು ಮುಟ್ಟುವವರೆಗೆ ನನ್ನನ್ನು ಅಮ್ಮ ಅಂತಲೂ ಮಿಸ್ ಅಂತಲೂ ಕರೆಯುವವರಿಲ್ಲ.

ದೀಪಾವಳಿ ಆಸುಪಾಸಿನಲ್ಲಿ ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ಮಾತ್ರ ಏನೂ ಇಟ್ಟುಕೊಳ್ಳಲ್ಲ. ವರ್ಷಕ್ಕೊಂದೇ ಸಲ ದರ್ಶನ, ಹಾಸನದಲ್ಲಿ ಮನೆ ಇದ್ದವರಿಗೆಲ್ಲ ಆಗ ನೆಂಟರೇ ನೆಂಟರು. ಹಾಲ್‌ನಲ್ಲಿ ಹಾಸಿಗೆ, ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ, ಲ್ಯಾಪ್‌ಟಾಪು ಬೀರುವಿನ ಮೇಲೆ.

ಇನ್ನು ನಿಯಮ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಆದರೆ ಇನ್ನೂ 2 ವರ್ಷ, ಹೆಂಗಸರಿಗೆ ಅದರ ಮೇಲೆ ಮತ್ತೆ 2 ವರ್ಷ ಸಿಗಬಹುದು. ಹೆರಿಗೆ, ಮಕ್ಕಳ ಪಾಲನೆಗೆ ಅಂತ ಒಟ್ಟು 240 ದಿನದವರೆಗೆ ರಜೆಗೂ ಅವಕಾಶ ಇದೆ. ನಮ್ಮ ರಾಜ್ಯ ಸರ್ಕಾರವೂ 2021ರಿಂದ ಮಹಿಳಾ ನೌಕರರಿಗೆ 6 ತಿಂಗಳ ಶಿಶುಪಾಲನಾ ರಜೆ ಕೊಟ್ಟಿದೆ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಯುಜಿಸಿಯ ಆ 240 ದಿನ ಇರುವುದು ಹೆಂಗಸರಿಗೆ ಮಾತ್ರ. ಮಗು ಇರುವ ಅಪ್ಪನೂ ಸಂಶೋಧನೆ ಮಾಡುತ್ತಿರಬಹುದು, ಅವನೂ ರಾತ್ರಿ ಏಳಬೇಕು ಅನ್ನೋದು ನಿಯಮ ಬರೆಯುವವರ ತಲೆಗೆ ಬಂದಂತಿಲ್ಲ. ಜೊತೆಗೆ, ವರ್ಷ ಎಷ್ಟು ಕೊಟ್ಟರೂ ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ನಿಂತು ಏನಾಗಿದೆ ಅಂತ ತೋರಿಸಲೇಬೇಕು.

ಸೇರಬೇಕು ಅಂತಿರುವ ಟೀಚರುಗಳು ಮೊದಲು ಕೆಲಸದ ಕಡೆಯಿಂದ ತರಬೇಕಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬಗ್ಗೆ ವಿಚಾರಿಸಿ. ಪಾರ್ಟ್‌ಟೈಮಿಗೆ ಅನುಮತಿ ಇದೆ, ಇವರ ಕೆಲಸದಲ್ಲಿ ಸಂಶೋಧನೆಗೆ ಬೇಕಾದಷ್ಟು ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಬಿಡುಗಡೆ ಮಾಡುತ್ತೇವೆ, ಈ ಮೂರೂ ಅದರಲ್ಲಿ ಇರಬೇಕು. ಮೂರನೆಯದು ಇದೆಯಾ ಅಂತ ಎರಡು ಸಲ ಓದಿ.

ಮನೆಯಿಂದಲೂ ಇಂಥದ್ದೇ ಒಂದು ಪತ್ರ ತರಬೇಕು ಅಂತ ನಿಯಮ ಇದ್ದಿದ್ದರೆ ಅರ್ಧ ಜನ ಅರ್ಜಿಯನ್ನೇ ಹಾಕುತ್ತಿರಲಿಲ್ಲ, ಅಲ್ವಾ? ನಾನಂತೂ ಬಾಯಿಮಾತಲ್ಲೇ ತೆಗೆದುಕೊಂಡೆ. ಎಂಟ್ರೆನ್ಸ್ ಬರೆಯುವ ಮೊದಲೇ ಎಲ್ಲರನ್ನೂ ಕೂರಿಸಿ ಯಾರು ಏನು ಮಾಡೋದು ಅಂತ ಮಾತಾಡಿದ್ದಾಯ್ತು. ಸಂಜೆ ಹೋಂವರ್ಕು ಮತ್ತು ಭಾನುವಾರ ಅಪ್ಪಂದು. ಬೆಳಗ್ಗೆ ಮಕ್ಕಳ ಸ್ನಾನ, ತಿಂಡಿ ಅತ್ತೆಯದು. ಅವರು ಒಂದೇ ಷರತ್ತು ಹಾಕಿದರು: "ಹಬ್ಬದ ದಿನ ಆ ಲ್ಯಾಪ್‌ಟಾಪ್ ತೆಗೀಬಾರ್ದು." ಒಪ್ಪಿಕೊಂಡೆ. ನಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಹಬ್ಬ ಅಂತ ಆಗ ಲೆಕ್ಕ ಹಾಕಿರಲಿಲ್ಲ.