ಪರದೆ ಹಾಕಿದರೂ ನೀರು ಯಾಕೆ ನಿಲ್ಲಲಿಲ್ಲ?

ಕಳೆದ ತಿಂಗಳು ಅಮ್ಮ ಬಾತ್‌ರೂಮಿನ ಬಾಗಿಲ ಹತ್ತಿರ ಜಾರಿದರು. ಬೀಳಲಿಲ್ಲ. ಟವೆಲ್ ಕಂಬಿ ಹಿಡಿದುಕೊಂಡರು, ಆದರೆ ಅದರ ಒಂದು ಕಡೆಯ ಸ್ಕ್ರೂ ಗೋಡೆಯಿಂದ ಕಿತ್ತು ಬಂದಿತ್ತು. ಅದನ್ನು ನೋಡಿ ಅವತ್ತು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ನಮ್ಮಲ್ಲಿ ಯಾರು ಸ್ನಾನ ಮಾಡಿದರೂ ಕಮೋಡ್ ಸುತ್ತ, ವಾಶ್‌ಬೇಸಿನ್ ಕೆಳಗೆ, ಬಾಗಿಲವರೆಗೂ ನೀರು. ಬಾಗಿಲಿನ ತಳ ಆಗಲೇ ಉಬ್ಬಿಕೊಂಡಿದೆ. ಮರುದಿನವೇ ಪ್ಲಾಸ್ಟಿಕ್ ಪರದೆ ತಂದು ಹಾಕಿದೆ. ಗೋಡೆಗೆ ಹಾರುತ್ತಿದ್ದ ಹನಿ ನಿಂತಿತು, ನೆಲದ ನೀರು ಮಾತ್ರ ಪರದೆಯ ಕೆಳಗಿಂದ ಆರಾಮಾಗಿ ಹರಿದು ಬಂತು.

ಆಗಲೇ ನನಗೆ ಅರ್ಥವಾಗಿದ್ದು. ಹಾರುವ ನೀರು ಬೇರೆ, ಹರಿಯುವ ನೀರು ಬೇರೆ. ಪರದೆಯಾಗಲಿ ಗಾಜಾಗಲಿ ಹಾರುವುದನ್ನು ತಡೆಯುತ್ತದೆ. ಹರಿಯುವುದಕ್ಕೆ ವಾಟ, ಅಂದರೆ ಜಾಲರಿಯ ಕಡೆಗೆ ನೆಲದ ಇಳಿಜಾರು ಬೇಕು, ಇಲ್ಲಾ ಕಟ್ಟೆ ಬೇಕು. ಊರಿನ ಬಚ್ಚಲಲ್ಲಿ ಸುತ್ತ ಒಂದು ಸಣ್ಣ ಕಟ್ಟೆ ಇರುತ್ತಿತ್ತು, ನೀರೆಲ್ಲ ತೂಬಿನಿಂದ ಬಾಳೆಬುಡಕ್ಕೆ ಹೋಗುತ್ತಿತ್ತು ಅಲ್ವಾ, ಅದೇ.

ಮೊದಲು ಜಾಲರಿ ತೆಗೆದು ಕೂದಲು, ಸೋಪಿನ ಲೋಳೆ ಎಲ್ಲ ತೆಗೆದೆ. ಆಮೇಲೆ ಒಣಗಿದ ನೆಲದ ಮೇಲೆ ಚೊಂಬಿನಿಂದ ನಿಧಾನವಾಗಿ ನೀರು ಸುರಿದು, ನೀರಿನ ಅಂಚು ಎಲ್ಲಿಗೆ ಬರುತ್ತದೋ ಅದರ ಮುಂದೆ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಾ ಹೋದೆ. ನೀರು ಶವರ್ ಕೆಳಗಿನ ಜಾಲರಿಯನ್ನು ಬಿಟ್ಟು ಬೇಸಿನ್ ಕೆಳಗಿನ ಜಾಲರಿಯ ಕಡೆಗೆ ಹೊರಟಿತ್ತು. ಗಾರೆ ಮೇಸ್ತ್ರಿ ಬಂದು ನೋಡಿ, "ವಾಟ ಸರಿಯಿಲ್ಲ ಅಕ್ಕ, ಟೈಲ್ಸ್ ಒಡೀಬೇಕು" ಅಂದರು. ಅವರು ಹೇಳಿದ್ದು ನಿಜ. 1:80, ಅಂದರೆ 80 ಅಡಿ ಉದ್ದಕ್ಕೆ 1 ಅಡಿ ಇಳಿತ ಅಂತ ಹಿಡಿದರೆ ನಾಲ್ಕು ಅಡಿಗೆ ಸುಮಾರು 15 ಮಿಲಿಮೀಟರ್ ಇಳಿಜಾರು ಬೇಕು, ನಮ್ಮಲ್ಲಿ ಅಷ್ಟಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಟೈಲ್ಸ್ ಒಡೆಯುವುದು ಹೇಗೆ?

ಅದಕ್ಕೇ ಸ್ನಾನದ ಜಾಗಕ್ಕೂ ಉಳಿದ ನೆಲಕ್ಕೂ ನಡುವೆ, ಗೋಡೆಯಿಂದ ಗೋಡೆಗೆ, ಕಟ್ಟೆಯ ಥರ ಒಂದು ಗ್ರಾನೈಟ್ ಪಟ್ಟಿ. ಒಂದೂವರೆ ಇಂಚು ಎತ್ತರ ಸಾಕು, ಜಾಸ್ತಿ ಇಟ್ಟರೆ ಮೊಣಕಾಲು ನೋವಿರುವ ಅಮ್ಮನಿಗೆ ದಾಟುವುದು ಕಷ್ಟ. ನೆಲ ತಿಳಿ ಬೂದು ಬಣ್ಣ, ಆದ್ದರಿಂದ ಕಣ್ಣಿಗೆ ಕಾಣಲಿ ಅಂತ ಕಪ್ಪು ಕಲ್ಲೇ ತಂದೆ, ಮೇಲಿನ ಅಂಚನ್ನು ದುಂಡಗೆ ಪಾಲಿಶ್ ಮಾಡಿಸಿದೆ. ಅಂಟಿಸುವುದಕ್ಕೆ ನ್ಯೂಟ್ರಲ್ ಸಿಲಿಕಾನ್ ಕೇಳಿ ತನ್ನಿ. ವಿನೆಗರ್ ವಾಸನೆ ಬರುವ ಸಿಲಿಕಾನ್ ಕೆಲವು ಕಲ್ಲುಗಳನ್ನು ಹಾಳು ಮಾಡುತ್ತದೆ. ನೆಲ ಪೂರ್ತಿ ಒಣಗಿರಬೇಕು, ನಾನು ಒಂದು ರಾತ್ರಿ ಫ್ಯಾನ್ ಇಟ್ಟಿದ್ದೆ. ಪಟ್ಟಿಯ ಎರಡೂ ಬದಿಗೆ ಸಿಲಿಕಾನ್ ಎಳೆದು, ಸೋಪುನೀರಲ್ಲಿ ಅದ್ದಿದ ಬೆರಳಿನಿಂದ ಸವರಿ, 24 ಗಂಟೆ ಅಲ್ಲಿಗೆ ನೀರು ತಾಗಿಸಲಿಲ್ಲ. ಪಟ್ಟಿ ಗೋಡೆಗೆ ಸೇರುವ ಎರಡು ಮೂಲೆಗಳನ್ನು ಮಾತ್ರ ಮರೆಯಬೇಡಿ, ಸೋರುವುದು ಅಲ್ಲೇ.

ನಮ್ಮ ಮನೆಯಲ್ಲಿ ಎರಡು ಜಾಲರಿ ಇದ್ದಿದ್ದಕ್ಕೆ ಇದು ಸರಿಹೋಯಿತು. ಒಂದೇ ಇದ್ದರೆ, ಪಟ್ಟಿಯ ಆಚೆ ತೊಳೆದ ನೀರು ಅಲ್ಲೇ ನಿಲ್ಲುತ್ತದೆ. ಅಂಥ ಕಡೆ ಸುಮ್ನೆ ಪಟ್ಟಿ ಹಾಕಬೇಡಿ, ವಾಟ ಸರಿ ಮಾಡಿಸುವುದೇ ದಾರಿ.

ಪರದೆ ಈಗಲೂ ಇದೆ, ಅದರ ತುದಿ ಪಟ್ಟಿಯ ಒಳಗಡೆ ಇಳಿಬಿದ್ದಿದೆ. ಬಾಗಿಲ ಹತ್ತಿರದ ಕಾಲೊರೆಸು ಮೂರು ವಾರದಿಂದ ಒಣಗೇ ಇದೆ. ಟವೆಲ್ ಕಂಬಿಯ ಜಾಗಕ್ಕೆ ಅಮ್ಮ ಹಿಡಿದುಕೊಳ್ಳಲು ಗಟ್ಟಿ ಸ್ಟೀಲ್ ಹಿಡಿಕೆ ತಂದಿಟ್ಟಿದ್ದೇನೆ, ಓನರ್ ಡ್ರಿಲ್ ಮಾಡಲು ಒಪ್ಪಿದ್ದಾರೆ, ಭಾನುವಾರ ಹಾಕಿಸಬೇಕು.