ಬೆಳಗ್ಗೆಯಿಂದ ಹೊಲಿಗೆ ಕಲಿತ ಹುಡುಗ

ಉತ್ತರ ಉಗಾಂಡಾ, ಏಪ್ರಿಲ್ ತಿಂಗಳು. ಗುಲು ಪಟ್ಟಣದಿಂದ ಒಂದು ತಾಸು ದೂರದಲ್ಲಿ ನಮ್ಮ ಸಂಸ್ಥೆಯ ಸ್ಕಿಲ್ಸ್ ಸೆಂಟರ್. ಅವತ್ತು ಡೋನರ್ ವಿಸಿಟ್. ಒಂಬತ್ತಕ್ಕೆ ಹೊಲಿಗೆ ಕ್ಲಾಸಿಗೆ ಹೋದರೆ ಮಷಿನ್ 30, ಹುಡುಗಿಯರು 6.

ರಾತ್ರಿ ಮಳೆ ಹೊಡೆದಿತ್ತು. ಅಂಗಳದ ಕೆಂಪು ಮಣ್ಣು ಚಪ್ಪಲಿಗೆ ಮೆತ್ತಿಕೊಂಡಿತು ಅಂತ ಬೇಜಾರಾಯಿತೇ ಹೊರತು ಬೇರೇನೂ ಹೊಳೆಯಲಿಲ್ಲ.

ಹೊಲಿಗೆ ಮೇಡಂ ಮಷಿನ್‌ಗೆ ಎಣ್ಣೆ ಬಿಡುತ್ತಾ ಕೂತಿದ್ದರು. 'ಎಲ್ಲಿ ಎಲ್ಲರೂ?' ಅಂದೆ. 'ಮಳೆ ಬಂತಲ್ಲ ಸಾರ್' ಅಂದರು. ರಸ್ತೆ ಕೆಸರಾಗಿರಬೇಕು ಅಂದುಕೊಂಡು, 'ಬೋಡಾ (ಬಾಡಿಗೆ ಬೈಕ್) ಕಳಿಸಿ ಕರೆಸೋಣ್ವಾ?' ಅಂದೆ. ಅವರು ಸುಮ್ನೆ ನಕ್ಕರು. ಯಾಕೆ ಅಂತ ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಅಷ್ಟರಲ್ಲಿ ಡ್ರೈವರ್ ಮೆಸೇಜ್ ಬಂತು: 'ಹೊರಟಿದ್ದೇವೆ.'

ಆಮೇಲೆ ಮಾಡಿದ ಕೆಲಸ ನೆನೆದರೆ ಈಗಲೂ ಮೈ ಮುದುಡುತ್ತದೆ. ವೆಲ್ಡಿಂಗ್ ಶೆಡ್‌ನಿಂದ ಎಂಟು ಹುಡುಗರನ್ನು ಕರೆತಂದು ಹೊಲಿಗೆ ಮಷಿನ್ ಮುಂದೆ ಕೂರಿಸಿದೆ!

ಬಂದವರು ನೇರವಾಗಿ ಒಬ್ಬ ಉದ್ದನೆಯ ಹುಡುಗನ ಹತ್ತಿರ ನಿಂತರು. ಕೈತುಂಬ ಕಿಡಿ ಸಿಡಿದ ಕಲೆ. ಸೂಜಿಯಲ್ಲಿ ದಾರವೇ ಇಲ್ಲ. 'ಎಷ್ಟು ದಿನದಿಂದ ಕಲಿಯುತ್ತಿದ್ದೀಯಪ್ಪ?' ಹುಡುಗ ನನ್ನ ಮುಖ ನೋಡಿದ. ನಾನು ತಗಡಿನ ಸೂರು ನೋಡಿದೆ. 'ಇವತ್ತು ಬೆಳಗ್ಗೆಯಿಂದ' ಅಂದ. ಪಾಪ, ಸುಳ್ಳು ಹೇಳಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ.

ಮೇಡಂ ಬಾಯಿಬಿಟ್ಟಿದ್ದು ಆಗ. ಇದು ವರ್ಷದ ಮೊದಲ ಹದ ಮಳೆ, ಶೇಂಗಾ ಬಿತ್ತುವ ಹೊತ್ತು. ಇಲ್ಲಿನ ಅಚೋಲಿ ಜನ ಗುಂಪು ಕಟ್ಟಿಕೊಂಡು ಇವತ್ತು ಇವರ ಹೊಲ, ನಾಳೆ ಅವರ ಹೊಲ ಅಂತ ಅಗೆಯುತ್ತಾರೆ. ಅದಕ್ಕೆ ಅವಾಕ್ ಅನ್ನುತ್ತಾರೆ. ನೀನು ಹೋಗದಿದ್ದರೆ ನಿನ್ನ ಹೊಲಕ್ಕೂ ಯಾರೂ ಬರುವುದಿಲ್ಲ. ಥೇಟ್ ನಮ್ಮ ಮುಯ್ಯಾಳು! ಬಂಡುಕೋರರಿಗೂ ಸರ್ಕಾರಕ್ಕೂ ನಡೆದ ಯುದ್ಧದಿಂದಾಗಿ ವರ್ಷಗಟ್ಟಲೆ ಕ್ಯಾಂಪುಗಳಲ್ಲಿ ರೇಷನ್ ತಿಂದು ಬದುಕಿದ ಜನ ಇವರು. ಹೆಚ್ಚಿನವರು ಊರಿಗೆ, ಹೊಲಕ್ಕೆ ಮರಳಿದ್ದೇ 2006ರ ನಂತರ. ಬಿತ್ತನೆ ಬಿಟ್ಟು ಕಾಲರ್ ಕಟಿಂಗ್ ಕಲಿಯಲು ಬನ್ನಿ ಅಂದರೆ ಬರುತ್ತಾರಾ?

ಹಾವೇರಿ ಕಡೆಯ ರೈತನ ಮಗ ನಾನು. 'ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ' ಅನ್ನುವುದನ್ನು ಕೇಳುತ್ತಲೇ ಬೆಳೆದವನು. ಆದರೂ ಕ್ಲಾಸಿನ ಕ್ಯಾಲೆಂಡರ್ ಮಾಡಿದ್ದು ಕಂಪಾಲಾದಲ್ಲಿ, ಎಕ್ಸೆಲ್ ಮುಂದೆ ಕೂತು. ಹಿಂದಿನ ವಾರ ಗೈರುಹಾಜರಿ ಏರುತ್ತಿದ್ದಾಗ ನಾನೇ 'ಆಸಕ್ತಿ ಇಲ್ಲ' ಅಂತ ರಿಪೋರ್ಟ್ ಕಳಿಸಿದ್ದೆ. ಮಾಹಿತಿ ತುಂಬುವ ಕೋಬೊ ಆ್ಯಪ್‌ನ ಫಾರ್ಮಿನಲ್ಲಿ ಗೈರಿಗೆ ಕಾರಣ ಅಂತ ಕಾಯಿಲೆ, ಮದುವೆ, ಬಸಿರು, ಆಸಕ್ತಿ ಇಲ್ಲ, ಈ ನಾಲ್ಕೇ ಆಯ್ಕೆ ಇದ್ದವು. ಫಾರ್ಮ್ ಮಾಡಿದವನೂ ನಾನೇ.

'ಬಿತ್ತನೆ' ಅಂತ ಐದನೆಯದು ಸೇರಿಸಲು ಹೆಡ್ ಆಫೀಸಿನ ಒಪ್ಪಿಗೆ ಬರುವಷ್ಟರಲ್ಲಿ ಶೇಂಗಾ ಕಿತ್ತೂ ಆಗಿತ್ತು. ಏಪ್ರಿಲ್‌ನಲ್ಲಿ ಎರಡು ವಾರ ರಜೆ ಕೇಳಿದರೆ, 'ಕ್ವಾರ್ಟರ್ ಟಾರ್ಗೆಟ್ ಏನಾಗಬೇಕು?' ಅಂತ ಮೇಲ್ ಬಂತು. ಈಗ ಮೇಡಂ ಹೇಳಿದ ದಿನಗಳನ್ನೇ ಹಾಕುತ್ತೇನೆ, ಹೆಡ್ ಆಫೀಸಿನವರು ಬೈಯುತ್ತಾರೆ, ನಡೆಯುತ್ತಿದೆ.

ಆ ಹುಡುಗ ವೆಲ್ಡಿಂಗ್‌ನಲ್ಲಿ ಡಿಐಟಿ ಅನ್ನುವ ಸರ್ಕಾರಿ ಕೌಶಲ ಪರೀಕ್ಷೆ ಪಾಸಾದ. ಎಲ್ಲಿ ಸಿಕ್ಕರೂ ನನ್ನನ್ನು ನೋಡಿ ಗಾಳಿಯಲ್ಲೇ ಹೊಲಿಗೆ ಮಷಿನ್ ಚಕ್ರ ತಿರುಗಿಸುತ್ತಾನೆ.