ತೂತು ದೊಡ್ಡದು ಮಾಡಬಹುದು, ಚಿಕ್ಕದು ಮಾಡೋಕಾಗಲ್ಲ

ನಾನು ಟರ್ನರ್. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತೇನೆ. ಇಪ್ಪತ್ತೆರಡು ವರ್ಷ ಕಬ್ಬಿಣ ಕೊರೆದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಏನು ನೋಡಿದರೂ 'ಇದನ್ನ ನಾವೇ ಮಾಡಬಹುದಲ್ವಾ' ಅನಿಸುತ್ತದೆ. 2024ರಲ್ಲಿ ಆ ರೋಗ ತಾತನ ರೈಫಲ್ ತನಕ ಹೋಯಿತು.

ನಮ್ಮೂರು ಮಳವಳ್ಳಿ ಕಡೆ, ಕಾಡಂಚು. ಕಬ್ಬಿನ ಗದ್ದೆಗೆ ಹಂದಿ ಹಿಂಡು ನುಗ್ಗಿದರೆ ಬೆಳಗಾಗೋದರೊಳಗೆ ಅರ್ಧ ಎಕರೆ ನೆಲಸಮ. ಅದಕ್ಕೇ ತಾತ 1968ರಲ್ಲಿ .315 ರೈಫಲ್ ತಗೊಂಡರು. ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಆಮೇಲೆ ತಾತ ಆಕಾಶಕ್ಕೆ ಹೊಡೆದು ಸದ್ದು ಮಾಡಿದ್ದೇ ಹೆಚ್ಚು. ಅವರು ಹೋದ ಮೇಲೆ ಅಪ್ಪನ ಹೆಸರಿಗಾಯಿತು, ಆರು ವರ್ಷದ ಹಿಂದೆ ನನ್ನ ಹೆಸರಿಗೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ವಾಪಸ್ ತರುವುದು, ನನ್ನ ಕೈಯಲ್ಲಿ ಅದಕ್ಕೆ ಇರುವ ಕೆಲಸ ಇಷ್ಟೇ.

2024ರ ಲೋಕಸಭಾ ಚುನಾವಣೆ ಮುಗಿದು ವಾಪಸ್ ತಂದಾಗ ಬೋಲ್ಟ್, ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಬೀಗ ಹಾಕುವ ತುಂಡು, ಸರಿಯಾಗಿ ಎಳೆಯೋಕೇ ಬರಲಿಲ್ಲ. ಠಾಣೆಯ ಗೋಡೆಗೆ ಒರಗಿಸಿಟ್ಟಿದ್ದರೋ ಏನೋ, ತುಕ್ಕು ಹಿಡಿದಿತ್ತು. ತೋಟಾ ಬೆಲೆ ವಿಚಾರಿಸಿದರೆ ಅದೂ ತಲೆ ತಿರುಗುವಷ್ಟಾಗಿತ್ತು. ಆಗಲೇ ರೈಫಲ್ ಕ್ಲಬ್ಬಿಗೆ ಹೋಗುವ ಗೆಳೆಯ ಒಬ್ಬ ಹುಳ ಬಿಟ್ಟ. 'ನಿನ್ನ ಹತ್ರ ಲೇತ್ ಇದೆ, ಇದನ್ನ .30-06 ತೋಟಾ ಹೊಡೆಯೋ ಹಾಗೆ ಮಾಡಿಬಿಡು. ಜಗತ್ತೆಲ್ಲ ಅದನ್ನೇ ಹೊಡೆಯೋದು.'

ನನ್ನ ಲೆಕ್ಕ ಸುಲಭವಾಗಿತ್ತು. .315 ಅಂದರೆ ನಳಿಗೆಯ ತೂತಿನ ಅಳತೆ, ಇಂಚಿನ ಲೆಕ್ಕ, ಮಿಲಿಮೀಟರ್‌ಗೆ ತಂದರೆ 8. .30-06ರಲ್ಲಿ .30 ಅಂದರೆ 7.62. ವ್ಯತ್ಯಾಸ ಅರ್ಧ ಮಿಲಿಮೀಟರ್ ಕೂಡ ಇಲ್ಲ. ನಾನು ದಿನಾ ನೂರರಲ್ಲೊಂದು ಮಿಲಿಮೀಟರ್ ನೋಡಿಕೊಂಡು ಕೆಲಸ ಮಾಡೋನು, ಇದೇನು ಮಹಾ? ಅಂದುಕೊಂಡ ಮರುಕ್ಷಣವೇ ಹೊಳೆಯಿತು: ತೂತು ದೊಡ್ಡದು ಮಾಡಬಹುದು, ಚಿಕ್ಕದು ಮಾಡೋದು ಹೇಗೆ? ಇದು ನಮ್ಮ ಕೆಲಸದ ಮೊದಲ ಪಾಠ. ಹೋಗಲಿ, ನಳಿಗೆಯನ್ನೇ ಬದಲಾಯಿಸೋಣ ಅಂದುಕೊಂಡೆ.

ಪುಣ್ಯಕ್ಕೆ, ಲೇತಿಗೆ ಕಟ್ಟುವ ಮೊದಲು ಚಾಚಾ ಹತ್ತಿರ ಹೋದೆ. ಮೈಸೂರಿನಲ್ಲಿ ಕೋವಿ ರಿಪೇರಿಗೆ ಲೈಸೆನ್ಸ್ ಇರುವ ಹಳೇ ಅಂಗಡಿ ಅವರದು. ವಯಸ್ಸು ಎಪ್ಪತ್ತು ದಾಟಿದೆ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ.

ಬೋಲ್ಟನ್ನು ಹೊರಗೆಳೆದು ಬಟ್ಟೆಯ ಮೇಲೆ ಇಟ್ಟರು. ಮೂಸಿದರು. 'ಇದೇನಪ್ಪಾ ಇದು, ಗಂಧ?'

ನಿಜ. ಪ್ರತಿ ಆಯುಧ ಪೂಜೆಗೂ ಮನೆಯಲ್ಲಿ ಅದಕ್ಕೆ ಗಂಧ, ಕುಂಕುಮ. ಐವತ್ತು ವರ್ಷದ ಗಂಧ ಒಣಗಿ, ಎಣ್ಣೆ ಜೊತೆ ಸೇರಿ ಸಂದಿಯಲ್ಲೆಲ್ಲ ಗಾರೆಯಂತೆ ಕೂತಿತ್ತು. ಠಾಣೆಯವರನ್ನು ಬೈದುಕೊಂಡಿದ್ದೆ. ಅರ್ಧ ತಪ್ಪು ನಮ್ಮ ದೇವರಮನೆಯದೇ.

ಬೋಲ್ಟಿನ ತಲೆಯನ್ನು ತಿರುಗಿಸಿ ಬಿಚ್ಚಿದರು. ಲೀ-ಎನ್‌ಫೀಲ್ಡ್ ಜಾತಿಯ ರೈಫಲ್‌ನಲ್ಲಿ ಬೋಲ್ಟಿನ ತಲೆ ಬೇರೆಯೇ ತುಂಡು. ಥ್ರೆಡ್ ಇರುತ್ತದೆ, ಸ್ಕ್ರೂ ಥರ ಬಿಚ್ಚಿ ಬರುತ್ತದೆ. ನಮ್ಮ ಇಶಾಪುರದ್ದೂ ಅದೇ ಜಾತಿ. ಆಮೇಲೆ ಕೌಂಟರ್ ಮೇಲೆ ಎರಡು ತೋಟಾ ನಿಲ್ಲಿಸಿದರು. ಒಂದು .315, ಪಕ್ಕದಲ್ಲಿ .30-06.

'ವರ್ನಿಯರ್ ತಂದಿದ್ದೀಯಲ್ಲ, ಅಳೆ.'

ಅಳೆಯೋದೇ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. .315ರ ಬುಡದಲ್ಲಿ ಅಂಚು ಹೊರಗೆ ಚಾಚಿದೆ, ಊಟದ ತಟ್ಟೆಯ ಕಂಠದ ಹಾಗೆ. .30-06ಕ್ಕೆ ಆ ಅಂಚೇ ಇಲ್ಲ. ಬುಡದ ಮೇಲೆ ಒಂದು ಕಾಲುವೆ ಕೊರೆದಿದ್ದಾರೆ, ಅಷ್ಟೇ. .315ರಲ್ಲಿ ಆ ಅಂಚೇ ತೋಟಾವನ್ನು ನಳಿಗೆಯ ಬಾಯಲ್ಲಿ ತಡೆದು ನಿಲ್ಲಿಸೋದು. ಹೊಡೆದಾದ ಮೇಲೆ ಕೊಂಡಿ ಹಿಡಿದು ಎಳೆಯೋದೂ ಅದನ್ನೇ. ಅಂಚಿಲ್ಲದ ತೋಟಾ ನಿಲ್ಲೋದು ಹೆಗಲಿನ ಇಳಿಜಾರಿನ ಮೇಲೆ, ಕುತ್ತಿಗೆಯ ಕಡೆ ಕಿರಿದಾಗುವ ಜಾಗದಲ್ಲಿ. ಅಂದರೆ ಬೋಲ್ಟ್ ತಲೆ ಹೋಯ್ತು, ಕೊಂಡಿ ಹೋಯ್ತು. ಉದ್ದ ಅಳೆದೆ. .30-06 ಸುಮಾರು 85 ಮಿಲಿಮೀಟರ್, ನಮ್ಮದಕ್ಕಿಂತ ಎಂಟೊಂಬತ್ತು ಮಿಲಿಮೀಟರ್ ಜಾಸ್ತಿ. ಮ್ಯಾಗಜೀನ್‌ನಲ್ಲಿ ಕೂರೋದೇ ಇಲ್ಲ. ನಾನು ನಳಿಗೆ ಒಂದೇ ಬದಲಾಯಿಸಬೇಕು ಅಂದುಕೊಂಡು ಬಂದಿದ್ದೆ!

ಬೋಲ್ಟಿನ ಮುಖಕ್ಕೂ, ತೋಟಾದ ಅಂಚು ಕೂರುವ ನಳಿಗೆಯ ಬಾಯಿಗೂ ನಡುವಿನ ಜಾಗದ ವಿಷಯ ಬಂತು. ಹೆಡ್‌ಸ್ಪೇಸ್ ಅನ್ನುತ್ತಾರೆ. .303 ರೈಫಲ್‌ಗೆ, ಅಂದರೆ ಬ್ರಿಟಿಷ್ ಸೈನ್ಯದ ಹಳೇ ಲೀ-ಎನ್‌ಫೀಲ್ಡ್‌ಗೆ, ಅದು ಇಂಚಿನ ಸಾವಿರದಲ್ಲಿ 64ರಿಂದ 74ರೊಳಗೆ ಇರಬೇಕು. ಕಾಲು ಮಿಲಿಮೀಟರ್ ಅಂತರ. ಜಾಸ್ತಿಯಾದರೆ ಹೊಡೆದಾಗ ತೋಟಾದ ಹಿತ್ತಾಳೆ ಕವಚ ಹಿಂದಕ್ಕೆ ಹಿಗ್ಗಿ ಹರಿಯಬಹುದು. ಹರಿದರೆ ಬೆಂಕಿಗಾಳಿ ಬರೋದು ಹೊಡೆಯೋನ ಮುಖಕ್ಕೆ. ನಮ್ಮ ಶೆಡ್ಡಲ್ಲಿ ಕಾಲು ಮಿಲಿಮೀಟರ್ ತಪ್ಪಿದರೆ ಬುಷ್ ಸ್ಕ್ರ್ಯಾಪ್‌ಗೆ ಹೋಗುತ್ತದೆ. ಇಲ್ಲಿ ಹೋಗೋದು ಕಣ್ಣು.

ನಾನು ಸೋಲಲಿಲ್ಲ. 'ಚಾಚಾ, ಇಶಾಪುರದವರೇ .303ನ್ನ 7.62 ಮಾಡಿದ್ದಾರಲ್ಲ?' ಅಂದೆ. ಎಲ್ಲೋ ಓದಿದ್ದೆ.

ನಕ್ಕರು. 'ಮಾಡಿದ್ರು. ಏನೇನು ಮಾಡಿದ್ರು ಕೇಳು.'

1960ರ ದಶಕದ ಮಾತು. ಸೈನ್ಯ ನೇಟೋದ 7.62 ತೋಟಾಕ್ಕೆ ಬದಲಾದಾಗ ಇಶಾಪುರದಲ್ಲಿ 2ಎ ಅನ್ನುವ ರೈಫಲ್ ಮಾಡಿದರು. ನೋಡೋಕೆ ಹಳೇ ಎನ್‌ಫೀಲ್ಡೇ. ಆದರೆ ಹೊಸ ತೋಟಾದ ಒತ್ತಡ ಜಾಸ್ತಿ ಅಂತ ಉಕ್ಕನ್ನೇ ಬದಲಾಯಿಸಿದರು. ಈ ಜಾತಿಯ ಬೋಲ್ಟಿಗೆ ಬೀಗ ಬೀಳೋದು ಹಿಂಭಾಗದಲ್ಲಿ. ಜರ್ಮನಿಯ ಮೌಸರ್ ರೈಫಲ್ ಥರ ಮುಂದೆ, ತೋಟಾದ ಬುಡದಲ್ಲೇ ಅಲ್ಲ. ಹೊಡೆತ ಬಿದ್ದಾಗ ಬೋಲ್ಟ್ ಉದ್ದಕ್ಕೂ ಒತ್ತಡ ತಿನ್ನುತ್ತದೆ. ಉಕ್ಕು ಒಳ್ಳೇದಿರಲೇಬೇಕು. ಕೊಂಡಿ ಹೊಸದು, ಮ್ಯಾಗಜೀನ್ ಚೌಕನೆಯದು. ಮುಂದಿನ ಮಾದರಿ 2ಎ1ರಲ್ಲಿ ಗುರಿಪಟ್ಟಿಯಲ್ಲಿನ ದೂರದ ಅಂಕಿಯೂ 2000ದಿಂದ 800ಕ್ಕೆ ಇಳಿಯಿತು.

'ಅದು ಬದಲಾಯಿಸಿದ್ದಲ್ಲಪ್ಪ. ಹಳೇ ಅಂಗಿ ಹಾಕ್ಕೊಂಡ ಹೊಸ ರೈಫಲ್,' ಅಂದರು ಚಾಚಾ.

ಉಲ್ಟಾ ದಿಕ್ಕಿನ ಕೆಲಸವೂ ನಡೆದಿದೆಯಂತೆ. ಹಳೇ .303 ನಳಿಗೆಗಳನ್ನು ಕೊರೆದು .410 ಮಸ್ಕೆಟ್ ಮಾಡಿ ಪೊಲೀಸರಿಗೆ, ಜೈಲು ಕಾವಲಿಗೆ ಕೊಟ್ಟರು. ಒಂದೊಂದೇ ತೋಟಾ ಹಾಕಬೇಕು. ಅದರ ತೋಟಾವೂ .303ರದ್ದೇ ಬುಡ, ಕುತ್ತಿಗೆ ಮಾತ್ರ ನೇರ. ತೂತು ದೊಡ್ಡದು, ಒತ್ತಡ ಕಡಿಮೆ. ಇದು ನನಗೆ ಕೇಳಿದ ಕೂಡಲೇ ಅರ್ಥವಾಯಿತು. ಟರ್ನರ್ ಬುದ್ಧಿಗೆ ಹೊಂದುವ ಕೆಲಸ ಅಂದರೆ ಅದೇ.

ಇಷ್ಟೆಲ್ಲ ಆದ ಮೇಲೆ ಚಾಚಾ ನನ್ನ ಲೈಸೆನ್ಸ್ ಪುಸ್ತಕ ತೆಗೆದು .315 ಅನ್ನುವ ಅಂಕಿ ಮೇಲೆ ಬೆರಳಿಟ್ಟರು. 'ಇದು ಏನು ಬರೆದಿದೆ?' ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ರಿಪೇರಿ ಮಾಡೋಕೂ, ಪರಿವರ್ತನೆ ಮಾಡೋಕೂ ಅದಕ್ಕೇ ಬೇರೆ ಲೈಸೆನ್ಸ್ ಇರಬೇಕು. ನನ್ನ ಲೇತಿಗೆ ಅದಿಲ್ಲ. ಸರ್ಕಾರಿ ತೋಟಾ ಸಾಮಾನ್ಯ ಜನರ ಕೋವಿಗೆ ಹೊಂದಬಾರದು ಅನ್ನೋದು ಬ್ರಿಟಿಷರ ಕಾಲದ ಲೆಕ್ಕ. ಆ ಲೆಕ್ಕಕ್ಕೆ ಹೊಂದಿದ್ದರಿಂದಲೇ .315 ಇಲ್ಲಿ ಬೇರೂರಿತು. .303 ಇವತ್ತಿಗೂ ನಮ್ಮಂಥವರಿಗೆ ನಿಷೇಧಿತ ಬೋರ್. ಮೊದಲೇ ಈ ಪುಸ್ತಕ ತೋರಿಸಿದ್ದರೆ ಐದು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಹಾಗಂದೆ.

'ಮೊದಲೇ ಹೇಳಿದ್ರೆ ಕಾನೂನಿಗೆ ಹೆದರಿ ಸುಮ್ನಾಗ್ತಿದ್ದೆ. ಲೇತ್ ನೋಡಿದಾಗಲೆಲ್ಲ ಕೈ ತುರಿಸ್ತಿತ್ತು,' ಅಂದರು.

ಕೊನೆಗೆ ಮಾಡಿಸಿದ್ದು ಬೋಲ್ಟ್ ತೊಳೆಸಿ, ಕೊಂಡಿಯ ಸ್ಪ್ರಿಂಗ್ ಬದಲಾಯಿಸಿದ್ದು, ಅಷ್ಟೇ. ಚಾಚಾ ಮುನ್ನೂರು ರೂಪಾಯಿ ತಗೊಂಡರು. ಬೋಲ್ಟ್ ಈಗ ಒಂದೇ ಬೆರಳಿಗೆ ಜಾರುತ್ತದೆ.

ಆ ವರ್ಷದ ಆಯುಧ ಪೂಜೆಗೆ ಮನೆಯಲ್ಲಿ ಮೊದಲೇ ಹೇಳಿಬಿಟ್ಟೆ, ರೈಫಲ್‌ಗೆ ಕುಂಕುಮ ಇಡೋದಾದರೆ ಮರದ ಹಿಡಿಗೆ ಮಾತ್ರ, ಕಬ್ಬಿಣಕ್ಕೆ ಬೇಡ ಅಂತ. ಮಗಳು ಹೂಂ ಅಂದಳು. ಮಾತಿನಂತೆ ನಡೆದುಕೊಂಡಳು ಕೂಡ. ಮಾರನೇ ದಿನ ಶೆಡ್ಡಿಗೆ ಹೋಗಿ ನೋಡಿದರೆ, ನನ್ನ ವರ್ನಿಯರ್‌ನ ಎರಡೂ ದವಡೆಗೆ ದಪ್ಪಗೆ ಗಂಧ ಮೆತ್ತಿತ್ತು.